ಹದಿನಾಲ್ಕನೇ ಕಿಲೋಮೀಟರಿನ ಊಟ

ಸರ್ಕಾರ ಸದನಕ್ಕೆ ಉತ್ತರ ಕೊಡಬೇಕು ಎಂದು ಪಿಯುಸಿಯಲ್ಲಿ ನಾನೂ ಓದಿ ಪಾಸಾಗಿದ್ದೇನೆ. ಆ ಪಾಠ ಬರೆದವರು ನಮ್ಮ ಕಡೆಯ ಐಬಿಯಲ್ಲಿ, ಅಂದರೆ ಸರ್ಕಾರಿ ಪ್ರವಾಸಿ ಮಂದಿರದಲ್ಲಿ, ಒಂದು ಮಧ್ಯಾಹ್ನ ಉಂಡಿದ್ದರೆ ಇನ್ನೆರಡು ಸಾಲು ಸೇರಿಸುತ್ತಿದ್ದರು. ಸರ್ಕಾರ ಸದನಕ್ಕೆ ತಲೆಬಾಗುತ್ತದೆ, ಸದನ ತನ್ನ ಸಮಿತಿಯನ್ನು ನೆಚ್ಚಿಕೊಳ್ಳುತ್ತದೆ, ಸಮಿತಿ ಮಹದೇವಮ್ಮನವರ ಮುದ್ದೆಯನ್ನು ನೆಚ್ಚಿಕೊಳ್ಳುತ್ತದೆ. ಈ ಕೊನೆಯ ಮೆಟ್ಟಿಲಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಮಹದೇವಮ್ಮ ನಂಜನಗೂಡಿಗೂ ನರಸೀಪುರಕ್ಕೂ ನಡುವೆ ಇರುವ ಒಂದು ಪ್ರವಾಸಿ ಮಂದಿರದ ಮೇಟಿ. ಅಂದರೆ ಕಸ ಗುಡಿಸಿ, ಹಾಸಿಗೆ ಹಾಸಿ, ಬಂದ ಸಾಹೇಬರಿಗೆ ಬೇಯಿಸಿ ಹಾಕುವ ಕೆಲಸ. ಯಾವ ಐಬಿ, ಯಾವ ಇಲಾಖೆ, ಯಾವ ಸಮಿತಿ ಎಂದು ಕೇಳಬೇಡಿ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ, ನಾನು ಅಲ್ಲಿ ಹದಿನೆಂಟು ವರ್ಷ ಉಂಡಿದ್ದೇನೆ. ಮೈಸೂರಿನ ಒಂದು ಸಣ್ಣ ಪತ್ರಿಕೆಗೆ ತಾಲೂಕು ಸುದ್ದಿ ಕಳಿಸುವುದು ನನ್ನ ಕಸುಬು. ಸಾಹೇಬರು ಎಲ್ಲಿ ಉಣ್ಣುತ್ತಾರೋ ಸುದ್ದಿ ಅಲ್ಲೇ ಹುಟ್ಟುತ್ತದೆ ಎಂದು ನಾವು ನಂಬಿಕೊಂಡಿದ್ದೇವೆ.

ಮಹದೇವಮ್ಮನವರ ಊರು ಕೆಂಚಯ್ಯನಹುಂಡಿ. ಹುಂಡಿ ಎಂದರೆ ನಮ್ಮ ಕಡೆ ಸಣ್ಣ ಹಳ್ಳಿ, ನಲವತ್ತು ಮನೆ ಇರಬಹುದು. ಗಂಡ ನಾಲೆಯ ಮೇಲೆ ದಿನಗೂಲಿ ನೀರುಗಂಟಿಯಾಗಿದ್ದವರು, ತೂಬು ಎತ್ತುವುದು ಇಳಿಸುವುದು ಮಾಡುತ್ತಲೇ ಹೋಗಿಬಿಟ್ಟರು. ಆಗಿನ ಒಬ್ಬ ಇಂಜಿನಿಯರು ಕನಿಕರಪಟ್ಟು ಇವರಿಗೆ ಐಬಿಯಲ್ಲಿ ಕೆಲಸ ಕೊಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಅದು ದಿನಗೂಲಿಯಿಂದ ಹೊರಗುತ್ತಿಗೆಗೆ ಬಡ್ತಿ ಪಡೆಯಿತು. ಮನೆಯ ಗೋಡೆಯಲ್ಲಿ ಬಾಬಾಸಾಹೇಬರ ಫೋಟೊ, ಪಕ್ಕದಲ್ಲಿ ಬುದ್ಧ. ಮೊದಲ ವರ್ಷ ಕೆಲವು ಸಾಹೇಬರು ಅಡುಗೆ ಯಾರ ಕೈಯದು ಎಂದು ಮೆಲ್ಲಗೆ ವಿಚಾರಿಸಿಕೊಂಡು, ಹೊಟ್ಟೆ ಸರಿಯಿಲ್ಲವೆಂದು ಬಾಳೆಹಣ್ಣು ತಿಂದು ಎದ್ದರಂತೆ. ಎರಡನೇ ವರ್ಷ ನಾಟಿಕೋಳಿ ಸಾರಿನ ವಾಸನೆ ವರಾಂಡಕ್ಕೆ ಬಂದ ಮೇಲೆ ಎಲ್ಲರ ಹೊಟ್ಟೆಯೂ ಸರಿಹೋಯಿತು. ಸಾಮಾಜಿಕ ನ್ಯಾಯ ನಮ್ಮಲ್ಲಿ ಮೂಗಿನ ಮೂಲಕ ಬಂತು.

ಆ ಅಡುಗೆಯ ಬಗ್ಗೆ ಸುಳ್ಳು ಹೇಳಿದರೆ ನನ್ನ ನಾಲಿಗೆ ನನ್ನನ್ನು ಕ್ಷಮಿಸುವುದಿಲ್ಲ. ಮುದ್ದೆ ಎಂದರೆ ಗಂಟಿಲ್ಲದ, ಬೆರಳಿಗಂಟದ ಮುದ್ದೆ. ಕೈಮಾ ಉಂಡೆ, ತಲೆಮಾಂಸ, ಕಬಿನಿ ಮೀನಿನ ಹುಳಿ. ಮಾಂಸ ಮುಟ್ಟದವರಿಗೆ ಬೇರೆ ಒಲೆಯಲ್ಲಿ ಹುರುಳಿಕಾಳಿನ ಬಸ್ಸಾರು, ಒತ್ತು ಶಾವಿಗೆ, ಕಾಯಿಹಾಲು. ಕೊನೆಗೊಂದು ರಸಬಾಳೆ, ಒಂದು ಲೋಟ ಮಜ್ಜಿಗೆ. ಉಂಡವನು ಒಳಗಿನ ರೂಮಿನ ಮಂಚ ನೋಡದೆ ಇರಲಾರ, ನೋಡಿದವನು ನಾಲ್ಕೂವರೆಯ ಟೀಗೆ ಮುಂಚೆ ಏಳಲಾರ.

ಇದನ್ನು ಮೊದಲು ಕಂಡುಕೊಂಡವರು ಇಲಾಖೆಯವರು. ಮಂತ್ರಿಗಳು ಸದನದಲ್ಲಿ ಎದ್ದು ನಿಂತು “ಮಾಡಿಸಿಕೊಡುತ್ತೇವೆ” ಎಂದದ್ದನ್ನೆಲ್ಲ ಬರೆದಿಟ್ಟುಕೊಂಡು, ಮಾಡಿದರೋ ಇಲ್ಲವೋ ಎಂದು ಸ್ಥಳಕ್ಕೇ ಹೋಗಿ ನೋಡಿ ಬರಲು ಒಂದು ಸಮಿತಿ ಇದೆ. ಯೋಚನೆ ಬಹಳ ಚೆನ್ನಾಗಿದೆ. ಆದರೆ ನೋಡಬೇಕಾದ ಕಣ್ಣು ಶಾಸಕರ ಹೊಟ್ಟೆಯ ಜೊತೆಯಲ್ಲೇ ಪ್ರವಾಸ ಮಾಡುತ್ತದೆ. ನಮ್ಮ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ರಘು ಸಾಹೇಬರು ಕಾರ್ಯಕ್ರಮ ಪಟ್ಟಿ ಹಾಕುವಾಗ ಎರಡೇ ಸಾಲು ಬರೆಯುತ್ತಿದ್ದರು. ಮಧ್ಯಾಹ್ನ ಒಂದಕ್ಕೆ ಊಟ. ಊಟದ ನಂತರ ಸ್ಥಳ ಪರಿಶೀಲನೆ. ರಘು ಕೆಟ್ಟವರಲ್ಲ, ಮೃದು ಮಾತಿನ ಮನುಷ್ಯ. ಯಾವ ಸದಸ್ಯರಿಗೆ ಯಾವ ತುಂಡು ಇಷ್ಟ ಎಂಬುದು ಅವರಿಗೆ ನಾಲೆಯ ನಕ್ಷೆಗಿಂತ ಚೆನ್ನಾಗಿ ಗೊತ್ತಿತ್ತು.

ಆ ಸಮಿತಿ ಮೂರು ಸಲ ಬಂದದ್ದು “ಹದಿನಾಲ್ಕನೇ ಕಿಲೋಮೀಟರಿನ ಕಾಮಗಾರಿ” ನೋಡಲು. ನಾಲೆಯ ಮೇಲಿನ ಕೆಲಸಗಳಿಗೆಲ್ಲ ಇಲಾಖೆಯಲ್ಲಿ ಊರ ಹೆಸರಿಲ್ಲ, ಕಿಲೋಮೀಟರಿನ ಲೆಕ್ಕ. ಮೂರು ಸಲವೂ ಸಮಿತಿ ಉಂಡಿತು, ಮಲಗಿತು, ಎದ್ದು ಟೀ ಕುಡಿದು ಮೈಸೂರಿಗೆ ಹೋಯಿತು. ಮೂರು ಸಲವೂ ನಾನು “ಸಮಿತಿಯು ಹದಿನಾಲ್ಕನೇ ಕಿಲೋಮೀಟರಿನ ಕಾಮಗಾರಿಯ ಸ್ಥಳ ಪರಿಶೀಲನೆ ನಡೆಸಿತು” ಎಂದು ಸುದ್ದಿ ಕಳಿಸಿದೆ. ಆ ಕಿಲೋಮೀಟರು ಎಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ.

ನಾಲ್ಕನೇ ಸಲ ಬರುವ ಹಿಂದಿನ ದಿನ ಬೆಳಿಗ್ಗೆ ನಾನು ಐಬಿಯ ಅಡುಗೆಮನೆ ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದೆ. ಗೌರಿ ಹಬ್ಬ ಕಳೆದು ವಾರವಾಗಿತ್ತು. ರಘು ಸಾಹೇಬರು ನಗುತ್ತಾ ಬಂದರು.

“ಮಾದೇವಮ್ನೋರೇ, ನಾಳೆ ಹನ್ನೊಂದು ಜನ. ಅದೇ ಸಮಿತಿ, ಅದೇ ಹದಿನಾಲ್ಕನೇ ಕಿಲೋಮೀಟರ್. ಕೈಮಾ ಉಂಡೆ ಸ್ವಲ್ಪ ಜಾಸ್ತೀನೇ ಮಾಡಿ. ಮೂರು ಸಲಾನೂ ನನ್ನನ್ನ ಉಳಿಸಿದ್ದು ನೀವೇ.”

“ಅಲ್ಲಿ ಅಂತಾದ್ದೇನದ ಸಾ, ಅದ್ನಾಲ್ಕನೇ ಕಿಲೋಮೀಟ್ರಲ್ಲಿ?” ಎಂದು ಮಹದೇವಮ್ಮ ಅಕ್ಕಿ ಆರಿಸುತ್ತಾ ಕೇಳಿದರು.

“ನಿಮ್ಮ ಹುಂಡಿ ಮುಂದಿನ ಸೇತುವೆ ಅಲ್ವೇನ್ರೀ, ಬಿದ್ದೋಯ್ತಲ್ಲ, ಅದೇ. ಮಂತ್ರಿಗಳು ಕಟ್ಟಿಸ್ತೀವಿ ಅಂತ ಸದನದಲ್ಲಿ ಒಪ್ಕೊಂಡುಬಿಟ್ಟಿದಾರೆ. ಹನ್ನೊಂದು ವರ್ಷದಿಂದ ನನ್ನ ತಲೆ ಮೇಲೆ ಕೂತಿದೆ.”

ಹೇಳಿ ಅವರು ಫೋನು ಕಿವಿಗಿಟ್ಟುಕೊಂಡು ಹೊರಟರು. ಹೇಳಬಾರದ್ದು ಹೇಳಿದೆ ಎಂದು ಅವರಿಗೆ ಅನ್ನಿಸಲೇ ಇಲ್ಲ. ಅವರ ಪಾಲಿಗೆ ಮಹದೇವಮ್ಮ ಐಬಿಗೆ ಸೇರಿದವರು, ಸೇತುವೆ ಫೈಲಿಗೆ ಸೇರಿದ್ದು.

ಮಹದೇವಮ್ಮ ಮೊರ ಕೆಳಗಿಟ್ಟರು. “ನೀವ್ ಪೇಪರ್ನಲ್ಲಿ ಏನಂತ ಬರದ್ರಿ ಸಾ, ಓದ್ ಸಲ?”

“ಸಮಿತಿ ಸ್ಥಳ ನೋಡ್ತು ಅಂತ.”

“ನೋಡ್ತಾ?”

ನಾನು ಕಾಫಿ ಲೋಟ ನೋಡಿದೆ.

ಆ ನಾಲೆ ಹದಿನೈದು ಅಡಿ ಅಗಲ, ನೀರು ಬಿಟ್ಟಾಗ ಆಳುದ್ದ. ಕಲ್ಲುಸೇತುವೆ ಬಿದ್ದ ಮೇಲೆ ಹುಂಡಿಯವರು ಎರಡು ತೆಂಗಿನ ಮರ ಅಡ್ಡ ಹಾಕಿಕೊಂಡಿದ್ದರು. ಮಹದೇವಮ್ಮ ದಿನಾ ಅದರ ಮೇಲೇ ದಾಟಿ ಐಬಿಗೆ ಬರುತ್ತಿದ್ದರು. ಬಳಸುದಾರಿಯ ಏರಿ ಮಳೆ ಬಿದ್ದರೆ ಗದ್ದೆಗಿಂತ ಕಡೆ. ಹಿಂದಿನ ವರ್ಷ ಪಕ್ಕದ ಮನೆಯ ಚಿಕ್ಕಬಸಮ್ಮನಿಗೆ ಹಾವು ಕಚ್ಚಿದಾಗ ಆಂಬುಲೆನ್ಸು ರಸ್ತೆ ಕಡೆಯ ದಡದಲ್ಲಿ ನಿಂತು ಹಾರ್ನ್ ಹೊಡೆಯಿತು. ಏಣಿಯ ಮೇಲೆ ಮಲಗಿಸಿ ಆ ಮರಗಳ ಮೇಲೆ ದಾಟಿಸುವಷ್ಟರಲ್ಲಿ ಆಕೆಯ ಉಸಿರು ಹೋಗಿತ್ತು. ಈಗ ಮಹದೇವಮ್ಮನವರ ಸೊಸೆ ಧನುಶ್ರೀಗೆ ಏಳು ತಿಂಗಳು. ದಿನ ತುಂಬುವುದು ನವೆಂಬರಿನಲ್ಲಿ, ನಾಲೆಗೆ ನೀರು ಬಿಡುವುದು ನಿಲ್ಲುವುದು ಡಿಸೆಂಬರಿನಲ್ಲಿ.

“ಚಿಕ್ಕಬಸಮ್ಮ ಸತ್ತ ತಿಂಗಳೇ ಇವ್ರು ಬಂದಿದ್ರು ಸಾ,” ಎಂದರು ಮಹದೇವಮ್ಮ. “ಅವತ್ತೂ ಕೈಮಾ ಉಂಡೆ ಮಾಡಿದ್ದೆ. ಎರಡೆರಡ್ ಸಲ ಆಕಿಸ್ಕಂಡ್ ತಿಂದು ಮನಿಕಂಡ್ರು. ನಾನೇ ಬಾಗ್ಲು ಮುಂದ್ಕೆಳೆದು ಬಂದೆ, ನಿದ್ದೆ ಕೆಡಬಾರ್ದು ಅಂತ.”

ಅವರಿಗೆ ಸಿಟ್ಟು ಬಂದಿತ್ತು, ಅದೂ ಮೊದಲು ತಮ್ಮ ಕೈಯ ಮೇಲೆ. ಅಡುಗೆ ಕೆಡಿಸಿಬಿಡಿ ಎಂದು ನಾನೇ ಸೂಚಿಸಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಡುಗೆ ಕೆಡಿಸಿ ಎಂದವನಿಗೆ ಇನ್ನು ಈ ಮನೆಯಲ್ಲಿ ಕಾಫಿ ಸಿಕ್ಕುವುದೇ ಅನುಮಾನ ಎನ್ನಿಸಿತು.

ಮಾರನೇ ದಿನ ಹನ್ನೊಂದೂವರೆಗೆ ಸಮಿತಿ ಬಂತು. ಐಬಿಯಲ್ಲಿ ವಾಸನೆಯೇ ಇಲ್ಲ. ಅಧ್ಯಕ್ಷರು ಕಾರಿನಿಂದ ಇಳಿದವರು ಮೂಗರಳಿಸಿ, ದೇವರಿಲ್ಲದ ಗುಡಿಗೆ ಬಂದವರಂತೆ ನಿಂತುಬಿಟ್ಟರು. ಅಡುಗೆಮನೆಗೆ ಬೀಗ. ಕಾವಲುಗಾರ ರಾಮಯ್ಯ ಕೈಕಟ್ಟಿಕೊಂಡು ಬಂದ.

“ಅಡ್ಗೆ ಅದ್ನಾಲ್ಕನೇ ಕಿಲೋಮೀಟ್ರಲ್ಲಿ ಅದ ಸಾ. ನಾಲೆ ಆಚೆ ದಡದಲ್ಲಿ. ಬೆಳಗಿನ್ ಜಾವನೇ ಪಾತ್ರೆಗಳ್ನೆಲ್ಲ ಮಗನ್ ಆಟೋದಲ್ಲಿ ತುಂಬ್ಕಂಡ್ ಓದ್ರು. ಅಲ್ಲೇ ಬಡುಸ್ತಾರಂತೆ.”

“ಹೊಲದೂಟವೋ? ಒಳ್ಳೇದಾಯ್ತಲ್ಲ,” ಎಂದರು ಅಧ್ಯಕ್ಷರು. ರಘು ಸಾಹೇಬರ ಮುಖ ಸುಣ್ಣ ಬಳಿದ ಹಾಗಾಯಿತು. ಆದರೆ ಇಪ್ಪತ್ತು ವರ್ಷದ ಸರ್ವಿಸು ಸುಮ್ಮನೆ ಆಗಿರುವುದಿಲ್ಲ. ಒಂದೇ ಉಸಿರಿನಲ್ಲಿ ಅವರು, “ಸರ್, ಊಟಕ್ಕೆ ಇನ್ನೂ ಹೊತ್ತಿದೆ, ಸೋಮನಾಥಪುರ ನೋಡಿಕೊಂಡೇ ಹೋಗೋಣ, ಹೊಯ್ಸಳರ ಕೆಲಸ,” ಎಂದರು. ಇನ್ನೊಂದು ಕೈಯಲ್ಲಿ ಕಂಟ್ರಾಕ್ಟರ್ ನಾಗೇಂದ್ರನ ನಂಬರು ಒತ್ತುತ್ತಿದ್ದರು. ಹೀಗೆ ಏಳೂವರೆ ನೂರು ವರ್ಷದ ಹಿಂದೆ ಮುಗಿದ ಕಾಮಗಾರಿಯನ್ನು ಸಮಿತಿ ಒಂದು ಗಂಟೆ ಪರಿಶೀಲಿಸಿ ತೃಪ್ತಿ ವ್ಯಕ್ತಪಡಿಸಿತು. ಆ ಪ್ರವಾಸದಲ್ಲಿ ಅವರು ಪೂರ್ತಿಯಾಗಿ ನೋಡಿದ್ದು ಅದೊಂದನ್ನೇ.

ನಾನು ಗುಡಿಗೆ ಹೋಗಲಿಲ್ಲ, ಬೈಕು ಹತ್ತಿ ಹುಂಡಿಗೆ ಹೋದೆ. ಹದಿನಾಲ್ಕನೇ ಕಿಲೋಮೀಟರನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ. ತೆಂಗಿನ ಮರಗಳು ನೆನೆದು ಪಾಚಿ ಹಿಡಿದಿದ್ದವು. ಕೂತುಕೊಂಡೇ ಜರುಗುತ್ತಾ ದಾಟಿದೆ, ಅದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆಚೆ ಹೊಂಗೆ ಮರದಡಿ ಮೂರು ಒಲೆ ಉರಿಯುತ್ತಿದ್ದವು. ಧನುಶ್ರೀ ಹೊಟ್ಟೆಯ ಮೇಲೆ ಸೆರಗು ಬಿಗಿದುಕೊಂಡು ಕಾಯಿ ತುರಿಯುತ್ತಿದ್ದಳು.

“ಈ ಮರದ್ ಮೇಲೆ ಅವ್ರು ಒಂದ್ಸಲ ಕಾಲಿಕ್ಲಿ ಸಾ, ಅಷ್ಟ್ ಸಾಕು ನನ್ಗೆ,” ಎಂದರು ಮಹದೇವಮ್ಮ. “ಉಸುರಿರೋವರ್ಗೂ ಅವ್ರು ಮರೆಯಲ್ಲ.”

ಅವರ ಲೆಕ್ಕ ಅಷ್ಟೇ ಇತ್ತು. ಅದು ತಪ್ಪಿದ್ದು ಹನ್ನೆರಡೂವರೆಗೆ. ಜೆಸಿಬಿ ಬಂತು, ಹಿಂದೆ ಟ್ರ್ಯಾಕ್ಟರು. ನಾಗೇಂದ್ರನ ಆಳುಗಳು ಎರಡು ಕಬ್ಬಿಣದ ತೊಲೆ ನಾಲೆಗೆ ಅಡ್ಡ ಇಟ್ಟು, ಮೇಲೆ ದಪ್ಪ ಕಬ್ಬಿಣದ ಹಲಗೆ ಹಾಸಿ, ಎರಡೂ ಕಡೆ ಪೈಪು ನಿಲ್ಲಿಸಿ ಕೆಂಪು ರಿಬ್ಬನ್ನು ಎಳೆದರು. ತೆಂಗಿನ ಮರಗಳನ್ನು ಜೆಸಿಬಿ ನೂಕಿತು, ಅವು ನೀರಿನಲ್ಲಿ ತೇಲಿಕೊಂಡು ಹೋದವು. ಊರಿನ ಹಿರಿಯ ದೊಡ್ಡಸಿದ್ದಯ್ಯ ಬೀಡಿ ಆರಿದ್ದೂ ತಿಳಿಯದೆ ನೋಡುತ್ತಾ ಕೂತಿದ್ದ. “ಅನ್ನೊಂದ್ ವರ್ಷದ್ ಕೆಲ್ಸ ಒಂದೂವರೆ ಗಂಟೇಲಿ ಮಾಡುದ್ರಲ್ಲೋ. ಮದ್ಲೇ ಗೊತ್ತಿದ್ರೆ ನಾವೇ ಒಂದ್ ಊಟ ಆಕುಸ್ಬೋದಾಗಿತ್ತು,” ಎಂದ.

ಮಹದೇವಮ್ಮ ಸೌಟು ಹಿಡಿದು ನಿಂತೇ ಇದ್ದರು. ಅವರಿಗೆ ಅರ್ಥವಾಗಿತ್ತು. ಸಮಿತಿ ಬಂದು ಸೇತುವೆ ಕಾಣುತ್ತದೆ, ಸಂಜೆಗೆ ಸೇತುವೆ ಟ್ರ್ಯಾಕ್ಟರ್ ಹತ್ತುತ್ತದೆ, ಇದ್ದ ಎರಡು ಮರವೂ ಇಲ್ಲ.

ಎರಡು ಗಂಟೆಗೆ ಸಮಿತಿ ಹಸಿದು ಬಂತು. ಅಧ್ಯಕ್ಷರು ಸೇತುವೆಯ ನಡುವೆ ನಿಂತು ಕಾಲಿನಿಂದ ಎರಡು ಸಲ ಕುಟ್ಟಿದರು.

“ಗಟ್ಟಿಯಾಗೇ ಇದೆಯಲ್ರೀ. ಮತ್ಯಾಕೆ ಬಾಕಿ ಅಂತ ತೋರಿಸ್ತಾ ಇದೀರಿ?”

“ತಾಂತ್ರಿಕ ಕಾರಣ ಸರ್,” ಎಂದರು ರಘು.

“ಈಗ್ ತಾನೆ ಆಕುದ್ರು ಸಾ,” ಎಂದರು ಮಹದೇವಮ್ಮ. “ನೀವ್ ಗುಡಿ ನೋಡಕ್ ಓಗಿದ್ರಲ್ಲ, ಆವಾಗ.”

ಸಮಿತಿಯವರೆಲ್ಲ ನಕ್ಕರು. ಈಯಮ್ಮ ತಮಾಷೆಯವರು ಎಂದು ಒಬ್ಬ ಸದಸ್ಯರು ಮೆಚ್ಚಿಕೊಂಡರು. ನಿಜವನ್ನು ಬಿಡಿಸಿ ಬಾಯಿಗಿಟ್ಟರೂ ಅದನ್ನು ಉಪ್ಪಿನಕಾಯಿ ಎಂದುಕೊಳ್ಳುವ ಜನ. ನಾನು ಪತ್ರಕರ್ತ, ಎಲ್ಲವನ್ನೂ ಕಣ್ಣಾರೆ ಕಂಡವನು, ಬಾಯಿ ಬಿಡಬಹುದಿತ್ತು. ಎಲೆಯ ಮುಂದೆ ಜಾಗ ಹಿಡಿದು ಕೂತಿದ್ದೆ.

ಮಹದೇವಮ್ಮ ಒಂದು ಗಳಿಗೆ ರಘು ಸಾಹೇಬರ ಮುಖ ನೋಡಿದರು. ಆಮೇಲೆ ಸಮಿತಿಯ ಜೊತೆ ಬಂದಿದ್ದ ಅಧಿಕಾರಿಯ ಕಂಕುಳಲ್ಲಿದ್ದ ಫೈಲು ನೋಡಿದರು. ಮುದ್ದೆಯ ತಟ್ಟೆ ಹಿಡಿದು ಅಧ್ಯಕ್ಷರ ಎಲೆಯ ಮುಂದೆ ಬಂದು ನಿಂತರು, ಬಡಿಸಲಿಲ್ಲ.

“ಸೇತ್ವೆ ಆಯ್ತು ಅಂತ ನಿಮ್ ಬುಕ್ಕಲ್ಲಿ ಬರ್ಕಳಿ ಸಾ.”

“ಬರೀತೀವಮ್ಮ, ಊಟ ಆಗ್ಲಿ.”

“ಊಟಕ್ ಮುಂಚೇನೇ ಬರ್ಕಳಿ. ಉಂಡ್ಮೇಲೆ ನಿಮ್ಗೆ ನಿದ್ದೆ ಬತ್ತದ.”

ಮುದ್ದೆಯಿಂದ ಹಬೆ ಏಳುತ್ತಿತ್ತು. ಅಧ್ಯಕ್ಷರು ಅದನ್ನೇ ನೋಡುತ್ತಾ ಅಧಿಕಾರಿಗೆ ಕೈಸನ್ನೆ ಮಾಡಿದರು. ಎಲ್ಲರಿಗಿಂತ ಖುಷಿಯಾದದ್ದು ರಘು ಸಾಹೇಬರಿಗೆ. ತಾವೇ ಬಾಯಲ್ಲಿ ಹೇಳಿ ಬರೆಸಿದರು: “ಹದಿನಾಲ್ಕನೇ ಕಿಲೋಮೀಟರಿನಲ್ಲಿ ಸೇತುವೆ ನಿರ್ಮಾಣಗೊಂಡಿದ್ದು, ಸಾರ್ವಜನಿಕರ ಬಳಕೆಯಲ್ಲಿದೆ. ಸಮಿತಿಯು ಖುದ್ದಾಗಿ ದಾಟಿ ಪರಿಶೀಲಿಸಿದೆ.” ಕೆಳಗೆ ತಾವೂ ಸಹಿ ಹಾಕಿದರು, ಅಧ್ಯಕ್ಷರೂ ಹಾಕಿದರು. ಹನ್ನೊಂದು ವರ್ಷದ ಭಾರ ಅವರ ತಲೆಯಿಂದ ಇಳಿಯಿತು.

“ಪೇಪರ್ ಸಾ, ಒಂದ್ ಫೋಟೊ ಒಡ್ಕಳಿ ಅದ್ನ,” ಎಂದರು ಮಹದೇವಮ್ಮ ನನಗೆ. ಫೈಲಿನ ಹಾಳೆಯದ್ದು, ಸೇತುವೆ ಮೇಲೆ ಸಮಿತಿ ನಿಂತದ್ದು, ಎರಡನ್ನೂ ಹೊಡೆದುಕೊಂಡೆ. ಆಮೇಲೆ ಅವರು ಬಡಿಸಿದರು. ಅಂಥ ಕೈಮಾ ಉಂಡೆ ಅದಕ್ಕೆ ಮುಂಚೆಯೂ ತಿಂದಿರಲಿಲ್ಲ, ಆಮೇಲೂ ತಿಂದಿಲ್ಲ.

ಸಮಿತಿ ಹೋಗಿ ಅರ್ಧ ಗಂಟೆಗೆ ಟ್ರ್ಯಾಕ್ಟರು ವಾಪಸು ಬಂತು. ಸೇತುವೆಯ ನಟ್ಟನಡುವೆ ಮಹದೇವಮ್ಮ ಕಾಲು ಚಾಚಿ ಕೂತು, ದೊಡ್ಡ ಹಂಡೆಗೆ ಬೂದಿ ಹಾಕಿ ತಿಕ್ಕುತ್ತಿದ್ದರು.

“ಏಳವ್ವ,” ಎಂದ ನಾಗೇಂದ್ರ. “ಇದು ಕವಲಂದೆ ಕೆಲಸದ ಮಾಲು. ನಾಳೆ ಬೆಳಿಗ್ಗೆ ಅಲ್ಲಿರಬೇಕು.”

“ಇದು ಸೇತ್ವೆ ಕಣಪ್ಪ. ಸಾರ್ವಜನಿಕರ ಬಳಕೇಲಿ ಅದ.”

ಅವನು ರಘು ಸಾಹೇಬರನ್ನು ಕರೆಸಿದ. ಅವರು ಬರುವಷ್ಟರಲ್ಲಿ ಧನುಶ್ರೀ ಬಂದು ಅತ್ತೆಯ ಪಕ್ಕದಲ್ಲಿ ಕೂತಿದ್ದಳು. ಹಿಂದೆ ಇನ್ನೂ ಹತ್ತು ಹನ್ನೆರಡು ಹೆಂಗಸರು, ತಲಾ ಒಂದು ಪಾತ್ರೆ ಇಟ್ಟುಕೊಂಡು. ಅಷ್ಟು ಪಾತ್ರೆ ಆ ಊಟಕ್ಕೆ ಬಳಸಿರಲೇ ಇಲ್ಲ.

“ಮಾದೇವಮ್ನೋರೇ, ಇದೇನ್ರೀ ಇದು,” ಎಂದರು ರಘು. “ನಿಮಗೆ ಗೊತ್ತಿಲ್ವಾ, ಇದು ಬರೀ ಇವತ್ತಿಗೆ ಹಾಕಿದ್ದು ಅಂತ.”

“ನನ್ಗ್ ಗೊತ್ತದ ಸಾ. ಸದನಕ್ ಗೊತ್ತಿಲ್ವಲ್ಲ.” ಮಹದೇವಮ್ಮ ಹಂಡೆ ತಿರುಗಿಸಿ ಇನ್ನೊಂದು ಮಗ್ಗುಲು ತಿಕ್ಕಿದರು. “ನಾಳೆ ಇಲ್ಲಿ ಸೇತ್ವೆ ಇಲ್ಲ ಅಂದ್ರೆ, ನೀವ್ ಸುಳ್ಳ್ ಬರ್ಸುದ್ರಿ ಅಂತ ಆಯ್ತದ. ಇಲ್ಲ, ಬರ್ಸಿದ್ದು ದಿಟ ಅಂದ್ರೆ, ಇದ್ದ್ ಸೇತ್ವೆನ ಯಾರೋ ಕದ್ರು ಅಂತ ಆಯ್ತದ. ಯಾವ್ದ್ರಲ್ಲಿ ಇರ್ತೀರಿ ಸಾ? ಪೇಪರ್ನೋರು ಫೋಟೊ ಮಡಿಕಂಡವ್ರೆ.”

ರಘು ನನ್ನ ಕಡೆ ನೋಡಿದರು. ಹದಿನೆಂಟು ವರ್ಷದ ಪಂಕ್ತಿಯ ಸ್ನೇಹ ಆ ನೋಟದಲ್ಲಿತ್ತು. ನಾನು ಜೇಬಿನಿಂದ ಫೋನು ತೆಗೆದು ಕೈಯಲ್ಲಿ ಹಿಡಿದುಕೊಂಡೆ. ನನ್ನ ಇಡೀ ಕಸುಬಿನಲ್ಲಿ ನಾನು ತೋರಿದ ಧೈರ್ಯ ಅಷ್ಟೇ.

ಅವರು ನೀರಿನ ಕಡೆ ತಿರುಗಿದರು. ಆಮೇಲೆ ನಾಗೇಂದ್ರನಿಗೆ, “ನಾಳೆ ವೆಲ್ಡಿಂಗ್ ಮಿಷಿನ್ ತಂದು ಭದ್ರ ಮಾಡಿಬಿಡಪ್ಪ,” ಎಂದು ಮೆಲ್ಲಗೆ ಹೇಳಿ ಜೀಪು ಹತ್ತಿದರು. ಸತ್ಯ ಹೇಳಿಕೊಂಡು ಹುಂಡಿಯವರು ಹನ್ನೊಂದು ವರ್ಷ ಅರ್ಜಿ ಹಿಡಿದು ಅಲೆದಿದ್ದರು. ಸರ್ಕಾರದ ಸುಳ್ಳನ್ನೇ ಭದ್ರವಾಗಿ ಹಿಡಿದುಕೊಂಡು ಕೂತಾಗ ಒಂದು ಸಂಜೆಯಲ್ಲಿ ಕೆಲಸ ಆಯಿತು.

ಮುಂದಿನ ವಾರ ಹೊರಗುತ್ತಿಗೆ ಏಜೆನ್ಸಿಯಿಂದ ಕಾಗದ ಬಂತು. ಸರ್ಕಾರಿ ಪಾತ್ರೆಗಳನ್ನು ಅನುಮತಿಯಿಲ್ಲದೆ ಹೊರಗೆ ಸಾಗಿಸಿದ್ದಕ್ಕಾಗಿ ಮಹದೇವಮ್ಮನವರ ಸೇವೆ ಇನ್ನು ಬೇಕಿಲ್ಲ. ಇ‌ಪ್ಪತ್ತೆರಡು ವರ್ಷಕ್ಕೆ ಒಂದೂವರೆ ಸಾಲು. ಅದನ್ನೂ ನಾನು ಸುದ್ದಿ ಮಾಡಲಿಲ್ಲ, ಪತ್ರಿಕೆಯವರು ಬೇಡವೆಂದರು. ಬೇಡವೆಂದದ್ದಕ್ಕೆ ನನಗೆ ಒಳಗೊಳಗೇ ನಿರಾಳವಾಯಿತು ಎಂಬುದನ್ನೂ ಬರೆದುಬಿಡುತ್ತೇನೆ.

ನವೆಂಬರ್ ಎರಡನೇ ವಾರ ಬೆಳಿಗ್ಗೆ ಆರಕ್ಕೆ ಧನುಶ್ರೀಗೆ ನೋವು ಬಂತು. ಆಂಬುಲೆನ್ಸು ಆ ಹಲಗೆಗಳ ಮೇಲೆ ಬರುವಂತಿರಲಿಲ್ಲ, ಗಂಡ ರಾಜೇಂದ್ರನ ಆಟೋ ಬರುತ್ತಿತ್ತು. ಮನೆ ಬಾಗಿಲಲ್ಲಿ ಹತ್ತಿಸಿಕೊಂಡು ನಾಲೆ ದಾಟಿ ಏಳಕ್ಕೆ ಆಸ್ಪತ್ರೆ ಸೇರಿದರು. ಹೆಣ್ಣು ಮಗು. ಸಂಘಮಿತ್ರಾ ಎಂದು ಹೆಸರಿಟ್ಟರು.

ನಾನು ಮಗು ನೋಡಲು ಹೋದದ್ದು ಮೂರು ತಿಂಗಳ ಮೇಲೆ. ಮಹದೇವಮ್ಮ ಜಗಲಿಯಲ್ಲಿ ಕಾಲ ಮೇಲೆ ಮಗು ಮಲಗಿಸಿಕೊಂಡು ಕೂತಿದ್ದರು. ಅವರನ್ನು ನಗಿಸಬೇಕೆಂದು ಐಬಿಯ ಕಥೆ ತೆಗೆದೆ. ಈಗ ಅಲ್ಲಿಗೆ ಊಟ ಹೋಟೆಲಿನಿಂದ ಬರುತ್ತದೆ. ತಣ್ಣಗಿನ ಪುಲಾವು, ರಬ್ಬರಿನಂಥ ಪನೀರು. ಸಮಿತಿಯವರು ಎರಡು ತುತ್ತು ತಿಂದು ಗಡಿಯಾರ ನೋಡಿಕೊಂಡು, ನಡೀರಿ ಸ್ಥಳ ನೋಡಿ ಬಂದುಬಿಡೋಣ ಎಂದು ಎದ್ದುಬಿಡುತ್ತಾರೆ. ಒಂದು ಸಮಿತಿ ಹೋದ ತಿಂಗಳು ಛಾವಣಿ ಇಲ್ಲದ ಹಾಸ್ಟೆಲನ್ನು ಕಂಡುಹಿಡಿಯಿತು, ಇನ್ನೊಂದು ಇಲ್ಲವೇ ಇಲ್ಲದ ಟ್ಯಾಂಕನ್ನು. ಇಬ್ಬರು ಇಂಜಿನಿಯರುಗಳಿಗೆ ನೋಟಿಸು ಹೋಗಿದೆ, ರಘು ಸಾಹೇಬರು ವರ್ಗ ಮಾಡಿಸಿಕೊಂಡರು.

“ನೀವು ಬಿಟ್ಟ ಮೇಲೆ ತಾಲೂಕಿನಲ್ಲಿ ಪ್ರಜಾಪ್ರಭುತ್ವಕ್ಕೆ ಎಚ್ಚರ ಆಗಿದೆ ಕಣ್ರೀ ಮಾದೇವಮ್ನೋರೇ,” ಎಂದು ನಾನೇ ನಕ್ಕೆ.

ಅವರು ನಗಲಿಲ್ಲ. ಮಗುವಿನ ಬೆನ್ನು ತಟ್ಟುತ್ತಿದ್ದ ಕೈ ನಿಂತಿತು.

“ಆ ಆಸ್ಟೆಲ್ ನೋಡಕ್ ಅಂತ ಆರ್ ವರ್ಷದಿಂದ ಬತ್ತಾವ್ರೆ ಸಾ. ಮದ್ಲ್ ಸಲ ತಲೆಮಾಂಸ ಮಾಡಿದ್ದೆ. ಎರಡ್ನೇ ಸಲ ಮೀನು, ಬಾಳ ಚೆನ್ನಾಗಿ ಬಂದಿತ್ತು. ಟ್ಯಾಂಕ್ ಅಂದ್ರಲ್ಲ, ಅದ್ಕೆ ಬಂದಾಗ ಒತ್ತು ಶಾವ್ಗೆ.” ಆಮೇಲೆ ನನ್ನ ಮುಖ ನೋಡಿ ಕೇಳಿದರು. “ಅವತ್ತೇ ಒಂದಿಷ್ಟ್ ಉಪ್ಪ ಜಾಸ್ತಿ ಆಕ್ಬುಟ್ಟಿದ್ರೆ ಆಗೋಗೋದು, ಅಲ್ವಾ ಸಾ?”